ಮಡಿಕೇರಿಯಲ್ಲಿ ಜೀಪು ಹತ್ತುವ ಮುನ್ನ

ಮಡಿಕೇರಿಯ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಲ್ಲಿ ಇಳಿದವರು ಕೋಟೆಗೆ ನಡೆದೇ ಹೋಗಬಹುದು. ರಾಜಾಸೀಟಿಗೂ ನಡೆಯಬಹುದು, ಓಂಕಾರೇಶ್ವರ ದೇವಸ್ಥಾನಕ್ಕೂ ನಡೆಯಬಹುದು. ಏರು ರಸ್ತೆ ಸ್ವಲ್ಪ ಏದುಸಿರು ತರಿಸುತ್ತದೆ ಅನ್ನುವುದು ಬಿಟ್ಟರೆ ಯಾವುದೂ ದೂರವಿಲ್ಲ. ಊರಿನ ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ಶನಿವಾರ ಬೆಳಿಗ್ಗೆ ಬೆಂಗಳೂರು ಬಸ್ಸಿನಿಂದ ಬ್ಯಾಗು ಹೊತ್ತು ಇಳಿದವರ ಕಿವಿಗೆ ಮೊದಲು ಬೀಳುವ ಮಾತೇ ಬೇರೆ: ‘ಸಾರ್, ಸೈಟ್‌ಸೀಯಿಂಗ್ ಉಂಟಾ? ಏಳು ಪಾಯಿಂಟ್, ಫುಲ್ ಡೇ ಪ್ಯಾಕೇಜ್.’

ಏಳು ಪಾಯಿಂಟ್ ಯಾವ್ಯಾವುದು ಎಂದು ಬಿಡಿಸಿ ಕೇಳಿದರೆ ಅರ್ಧ ಗುಟ್ಟು ಅಲ್ಲೇ ರಟ್ಟಾಗುತ್ತದೆ. ರಾಜಾಸೀಟ್, ಕೋಟೆ, ಓಂಕಾರೇಶ್ವರ, ಗದ್ದಿಗೆ, ಅಬ್ಬಿ ಜಲಪಾತ, ಜತೆಗೊಂದು ಕಾಫಿ ತೋಟ, ಒಂದು ಮಸಾಲೆ ಅಂಗಡಿ. ಮೊದಲ ನಾಲ್ಕು ಊರೊಳಗಿನವು. ಕೊನೆಯ ಎರಡು ನೋಡುವ ಜಾಗಗಳಲ್ಲ, ಕೊಳ್ಳುವ ಜಾಗಗಳು. ವಾಹನ ನಿಜಕ್ಕೂ ಬೇಕಾದದ್ದು ಅಬ್ಬಿಗೆ ಮಾತ್ರ, ಅದೂ ಪೇಟೆಯಿಂದ ಸುಮಾರು 8 ಕಿಲೋಮೀಟರ್. ಪ್ರವಾಸಿಗರು ಒಂದಿಡೀ ದಿನದ ಬಾಡಿಗೆ ಕೊಡುವುದು ಈ 8 ಕಿಲೋಮೀಟರಿಗೆ.

ಕೊಡಗಿನಲ್ಲಿ ಪ್ರವಾಸಿಗರ ಜೇಬು ಹಗುರಾಗುವುದು ಕೆಟ್ಟ ಜನರಿಂದ ಅನ್ನುವ ದೂರು ಸಾಮಾನ್ಯ. ಅದು ಅರ್ಧ ಸತ್ಯವೂ ಅಲ್ಲ. ಹಗುರಾಗುವುದು ಹೆಚ್ಚಾಗಿ ಒಟ್ಟು ಕಟ್ಟಿದ ಲೆಕ್ಕದಿಂದ. ನಡೆಯುವ ದಾರಿ, ಬಸ್ಸಿನ ದಾರಿ, ಟ್ಯಾಕ್ಸಿಯ ದಾರಿ, ಜೀಪಿನ ದಾರಿ ಎಂದು ನಾಲ್ಕು ಬಗೆಯ ದಾರಿಗಳಿರುವ ಊರಿನಲ್ಲಿ ನಾಲ್ಕಕ್ಕೂ ಜೀಪಿನ ದರ ತೆರುವುದೇ ಇಲ್ಲಿನ ಸಮಸ್ಯೆ.

ನಡೆಯುವ ದಾರಿಯಿಂದಲೇ ಶುರುಮಾಡಬಹುದು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡಾಗ ಊರು ಕಟ್ಟಿದ್ದು ಗುಡ್ಡದ ಸುತ್ತ, ಕಾಲ್ನಡಿಗೆಯ ಅಳತೆಯಲ್ಲಿ. ಆಗಿನ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಒಳಗಿನ ಎರಡಂತಸ್ತಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಎದ್ದದ್ದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಅದೇ ಕೋಟೆಯೊಳಗೆ 1855ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಆ ಚರ್ಚಿನಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ವೀರಗಲ್ಲು, ಜೈನ ಮೂರ್ತಿ, ಹಳೆಯ ಕತ್ತಿ–ಕೋವಿಗಳನ್ನು ಬಣ್ಣದ ಗಾಜಿನ ಬೆಳಕಿನಲ್ಲಿ ನೋಡುವ ಅವಕಾಶ ಕರ್ನಾಟಕದಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದು. ಹೊರಗೆ ಗಾರೆಯಲ್ಲಿ ಮಾಡಿದ ಆಳೆತ್ತರ ಮೀರಿದ ಎರಡು ಆನೆಗಳು ನಿಂತಿವೆ. ಪ್ಯಾಕೇಜಿನವರು ಇಲ್ಲಿಗೆ ಕೊಡುವ ಸಮಯ ಫೋಟೊ ತೆಗೆಯಲು ಸಾಕಾಗುತ್ತದೆ. ಹೊರಗೆ ಗಾಡಿ ಕಾಯುತ್ತಿದೆ ಅನ್ನುವ ಅವಸರವಿಲ್ಲದವರಿಗೆ ಮಾತ್ರ ಈ ಕೋಟೆ ತೆರೆದುಕೊಳ್ಳುತ್ತದೆ.

ಕೋಟೆಯಿಂದ ಇಳಿದು ಓಂಕಾರೇಶ್ವರಕ್ಕೆ ಬಂದರೆ ಕೊಳದ ನಡುವೆ ಮಂಟಪ, ಗುಡಿಯ ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂತಹ ಗೋಪುರ. ಕೇರಳ ಮತ್ತು ಇಸ್ಲಾಮಿ ಶೈಲಿ ಬೆರೆತ ಈ ಶಿವ ದೇವಾಲಯವನ್ನು 1820ರಲ್ಲಿ ಕಟ್ಟಿಸಿದವನೂ ಲಿಂಗರಾಜೇಂದ್ರನೇ. ಮಹದೇವಪೇಟೆಯ ದಾರಿಯಲ್ಲಿ ಇನ್ನಷ್ಟು ನಡೆದರೆ ಗದ್ದಿಗೆ. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳು. ಅಲ್ಲಿಯ ಗುಮ್ಮಟ ನೋಡಿದರೆ ಓಂಕಾರೇಶ್ವರದ ಗುಮ್ಮಟದ ನೆಂಟಸ್ತಿಕೆ ತಾನಾಗಿ ಹೊಳೆಯುತ್ತದೆ. ಎರಡನ್ನೂ ಒಂದೇ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ನೋಡಿದವರಿಗೆ ಈ ಲಾಭ.

ಊರೊಳಗಿನ ಇನ್ನೊಂದು ಜಾಗ ‘ಸನ್ನಿಸೈಡ್’. ಭೂಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಇದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅದಕ್ಕೂ ಮೊದಲು ಈ ಮನೆಯಲ್ಲಿ ಇದ್ದದ್ದು ಸಾರಿಗೆ ಇಲಾಖೆಯ ಆರ್‌ಟಿಒ ಕಚೇರಿ. ವಾಹನದ ಎಫ್‌ಸಿ, ಪರ್ಮಿಟ್ ಅಂತ ಚಾಲಕರು ಅಲೆದಾಡಿದ ಅಂಗಳದಲ್ಲಿ ಈಗ ಯುದ್ಧ ಟ್ಯಾಂಕ್ ನಿಂತಿದೆ. ಬಹುಪಾಲು ಏಳು ಪಾಯಿಂಟ್‌ಗಳ ಪಟ್ಟಿಯಲ್ಲಿ ಇದರ ಹೆಸರೇ ಇರುವುದಿಲ್ಲ. ಇಲ್ಲಿ ಏನೂ ಮಾರಾಟವಾಗುವುದಿಲ್ಲ, ಅದೇ ಕಾರಣ ಇರಬಹುದು.

ನಡೆಯಲಾಗದ ಹಿರಿಯರು, ಪುಟ್ಟ ಮಕ್ಕಳು ಜತೆಗಿದ್ದರೆ ಆಟೊ ಬೇಕೇ ಬೇಕು. ಆಟೊ ದರವನ್ನು ನಿಗದಿ ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಿಗದಿ ಒಂದು ಕಡೆ, ರೂಢಿ ಇನ್ನೊಂದು ಕಡೆ. ಗುಡ್ಡದ ಊರುಗಳಲ್ಲಿ ಮೀಟರ್ ಹಾಕುವ ಅಭ್ಯಾಸ ಕಡಿಮೆ. ಸ್ಥಳೀಯರೂ ಮಾತಾಡಿಯೇ ಹತ್ತುತ್ತಾರೆ. ವ್ಯತ್ಯಾಸ ಇಷ್ಟೇ, ಸ್ಥಳೀಯರಿಗೆ ದರ ಮೊದಲೇ ಗೊತ್ತು. ಹಾಗಾಗಿ ಆಟೊದವರನ್ನು ‘ಎಷ್ಟಾಗುತ್ತೆ?’ ಎಂದು ಕೇಳುವುದಕ್ಕಿಂತ ಮೊದಲು, ಉಳಿದುಕೊಂಡ ಹೋಟೆಲಿನ ರೂಂ ಬಾಯ್‌ನನ್ನೋ ಬೇಕರಿಯ ಕೌಂಟರಿನಲ್ಲಿ ಕೂತವರನ್ನೋ ‘ಇಲ್ಲಿಂದ ಗದ್ದಿಗೆಗೆ ನೀವು ಎಷ್ಟು ಕೊಡ್ತೀರಿ?’ ಎಂದು ಕೇಳುವುದು ಮೇಲು. ಆಮೇಲೆ ಆಟೊ ಸ್ಟ್ಯಾಂಡಿಗೆ ಹೋಗಿ ‘ಅಣ್ಣ, ಗದ್ದಿಗೆಗೆ ಇಷ್ಟು ಕೊಡ್ತೇವೆ, ಬರ್ತೀರಾ?’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಹೆಚ್ಚೆಂದರೆ ‘ಹತ್ತು ರೂಪಾಯಿ ಸೇರಿಸಿ ಕೊಡಿ ಸಾರ್, ಏರು ಉಂಟು’ ಎಂಬ ಉತ್ತರ ಬಂದೀತು. ಅದು ನ್ಯಾಯವಾದ ಕೇಳಿಕೆಯೇ.

ಟ್ಯಾಕ್ಸಿಗೆ ಒಂದು ಅಳತೆಗೋಲು ಇದೆ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಆ್ಯಪ್ ಆಧಾರಿತ ಮತ್ತು ನಗರ ಟ್ಯಾಕ್ಸಿಗಳಿಗೆ ಏಕರೂಪದ ದರ ಪ್ರಕಟಿಸಿತು. 10 ಲಕ್ಷ ರೂಪಾಯಿ ಒಳಗಿನ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 24 ರೂಪಾಯಿ. 10ರಿಂದ 15 ಲಕ್ಷದ ಕಾರಿಗೆ 115 ಮತ್ತು 28, ಅದಕ್ಕೂ ಮೇಲಿನದಕ್ಕೆ 130 ಮತ್ತು 32. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 1 ರೂಪಾಯಿ. ಈ ಲೆಕ್ಕ ಹಿಡಿದು ಅಬ್ಬಿಗೆ ಹೋಗಿ ಬರುವುದನ್ನು ನೋಡಿದರೆ: ಹೋಗಿಬರುವ ದಾರಿ 16 ಕಿಲೋಮೀಟರ್. ಮೊದಲ ನಾಲ್ಕಕ್ಕೆ 100, ಉಳಿದ ಹನ್ನೆರಡಕ್ಕೆ 288, ಒಂದು ಗಂಟೆ ಕಾಯುವುದಕ್ಕೆ 55. ಒಟ್ಟು 443 ರೂಪಾಯಿ. ನಾಲ್ಕು ಜನರ ಮೇಲೆ ಹಂಚಿದರೆ ತಲೆಗೆ 110 ಚಿಲ್ಲರೆ.

ಮಡಿಕೇರಿಯ ಚಾಲಕರು ಇದೇ ದರಕ್ಕೆ ಬರಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಆ ದರ ಪಟ್ಟಣದ ಓಡಾಟವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಘಟ್ಟದ ತಿರುವುಗಳಲ್ಲಿ ಡೀಸೆಲ್ ಹೆಚ್ಚು ಸುಡುತ್ತದೆ, ರಜೆಯ ದಿನ ಅಬ್ಬಿ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಮೂತಿ ತಾಗಿಸಿ ನಿಂತಿರುತ್ತವೆ. ಅಳತೆಗೋಲಿನ ಉಪಯೋಗ ಬೇರೆ. ಕೇಳಿದ ದರ ಇದರ ಒಂದೂವರೆ ಪಟ್ಟಿನಲ್ಲಿದ್ದರೆ ಒಪ್ಪಬಹುದು. ನಾಲ್ಕು ಪಟ್ಟು ಇದ್ದರೆ ಮುಂದಿನ ಗಾಡಿ ಕೇಳಬಹುದು. ದಿನದ ಬಾಡಿಗೆಗೂ ಟ್ಯಾಕ್ಸಿಯವರದ್ದೇ ಒಂದು ರೂಢಿಯ ಮಾತಿದೆ: ‘ಎಂಟು ಗಂಟೆ, ಎಂಬತ್ತು ಕಿಲೋಮೀಟರ್’. ಅದರೊಳಗೆ ಏನೇನು ಸೇರಿದೆ, ಪಾರ್ಕಿಂಗ್ ಶುಲ್ಕ ಯಾರದ್ದು, ಡ್ರೈವರ್ ಬಾಟಾ ಬೇರೆಯೋ ಸೇರಿಸಿಯೋ ಎಂಬುದನ್ನು ಹತ್ತುವ ಮೊದಲೇ ಕೇಳಿಕೊಳ್ಳಬೇಕು. ಜಗಳಗಳೆಲ್ಲ ಹುಟ್ಟುವುದು ಇಳಿಯುವಾಗ. ಬೆಂಗಳೂರಿನಂತೆ ಮೊಬೈಲ್ ಒತ್ತಿದ ಕೂಡಲೇ ಕಾರು ಬಂದು ನಿಲ್ಲುತ್ತದೆ ಅನ್ನುವ ನಂಬಿಕೆಯಲ್ಲಿ ಒನ್‌ವೇ ಹೋಗಿ ಜಲಪಾತದ ಬಳಿ ಸಿಕ್ಕಿಹಾಕಿಕೊಳ್ಳುವವರೂ ಇದ್ದಾರೆ. ಅಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ದರ ಹೇಳುವ ಅಧಿಕಾರ ಪೂರ್ತಿ ಎದುರಿಗಿರುವವರ ಕೈಗೆ ಹೋಗುತ್ತದೆ.

ಕೊಡಗಿನಲ್ಲಿ ರೈಲು ಇಲ್ಲ. ಜಿಲ್ಲೆಯೊಳಗೆ ಒಂದಡಿ ಹಳಿಯೂ ಇಲ್ಲ. ಹತ್ತಿರದ ದೊಡ್ಡ ನಿಲ್ದಾಣ ಮೈಸೂರು, ಸುಮಾರು 120 ಕಿಲೋಮೀಟರ್ ದೂರ. ಹಾಗಾಗಿ ಬಂದವರೆಲ್ಲ ರಸ್ತೆಯನ್ನೇ ನಂಬಬೇಕು, ಆ ರಸ್ತೆಯ ಮೇಲೆ ಟ್ಯಾಕ್ಸಿಯೇ ಕಣ್ಣಿಗೆ ಬೀಳುತ್ತದೆ. ಬಸ್ಸು ಕಾಣಿಸುವುದಿಲ್ಲ ಅನ್ನುವುದಕ್ಕಿಂತ ಬಸ್ಸಿನ ಬೋರ್ಡು ಓದುವ ವ್ಯವಧಾನ ಪ್ರವಾಸಿಗರಿಗೆ ಇರುವುದಿಲ್ಲ. ಭಾಗಮಂಡಲ, ತಲಕಾವೇರಿ ಕಡೆಗೆ ಮಡಿಕೇರಿಯಿಂದ ಬಸ್ಸುಗಳಿವೆ. ಭಾಗಮಂಡಲದಿಂದ ತಲಕಾವೇರಿ 8 ಕಿಲೋಮೀಟರ್. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸುವ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವೇ ಇಲ್ಲ. ಇಬ್ಬರು ಹೆಂಗಸರು, ಒಬ್ಬ ಗಂಡಸು ಇರುವ ಮನೆಯವರು ತಲಕಾವೇರಿಗೆ ಒಂದೇ ಟಿಕೆಟ್ಟಿನಲ್ಲಿ ಹೋಗಿಬರಬಹುದು. ಖಾಸಗಿ ಬಸ್ಸಿಗೆ ಈ ಸೌಲಭ್ಯ ಇಲ್ಲ. ಕೊಡಗಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ನಾಪೋಕ್ಲು, ಕಕ್ಕಬ್ಬೆ ಕಡೆಗೆ ಹೋಗಿ ದೊಡ್ಡವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ನೋಡಬೇಕೆಂದವರಿಗೆ ಅವೇ ಗತಿ. ಕಂಡಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ವಾಪಸ್ ಕೊನೇ ಬಸ್ಸು ಎಷ್ಟು ಗಂಟೆಗೆ?’ ಒಳದಾರಿಯ ಬಸ್ಸುಗಳು ಸಂಜೆಗೇ ಮಲಗುತ್ತವೆ.

ಕುಶಾಲನಗರದ ಕಡೆ ಇನ್ನೂ ಸುಲಭ. ಮೈಸೂರು–ಮಡಿಕೇರಿ ಬಸ್ಸುಗಳೆಲ್ಲ ಹೆದ್ದಾರಿ 275ರಲ್ಲಿ ಓಡುತ್ತವೆ. ಕಾವೇರಿ ನಿಸರ್ಗಧಾಮದ ಬಾಗಿಲು ಇರುವುದು ಅದೇ ಹೆದ್ದಾರಿಯ ಬದಿಗೆ. ಬೈಲಕುಪ್ಪೆಯ ಚಿನ್ನದ ದೇಗುಲಕ್ಕೆ ಕೊಪ್ಪದಲ್ಲಿ ಇಳಿದು ಆಟೊ ಹಿಡಿದರೆ ಕೆಲವೇ ಕಿಲೋಮೀಟರ್. ದುಬಾರೆಯ ಆನೆ ಶಿಬಿರಕ್ಕೆ ಮಾತ್ರ ಸ್ವಂತ ವ್ಯವಸ್ಥೆ ಬೇಕು, ಅಲ್ಲಿಗೆ ಬೆಳಿಗ್ಗೆಯೇ ತಲುಪಬೇಕು. ಆನೆಗಳ ಸ್ನಾನ ಮುಗಿದ ಮೇಲೆ ದೋಣಿ ದಾಟಿದವರಿಗೆ ಕಾಣುವುದು ತಾವು ಸ್ನಾನ ಮಾಡಬೇಕಿತ್ತೆಂಬಂತೆ ಬೆವರಿದ ಸಹಪ್ರವಾಸಿಗರು. ಮಧ್ಯಾಹ್ನದ ಹೊತ್ತಿಗೆ ದುಬಾರೆ ಸೇರಿಸಿದ ಪ್ಯಾಕೇಜು ಎಷ್ಟು ಅಗ್ಗವಾದರೂ ದುಬಾರಿಯೇ.

ಮೈಸೂರಿನಲ್ಲಿ ಉಳಿದು ಕೊಡಗು ನೋಡುವವರಿಗೆ ದಸರಾ ದಿನಗಳಲ್ಲಿ ಕೆಎಸ್‌ಆರ್‌ಟಿಸಿ ‘ಜಲದರ್ಶಿನಿ’ ಹೆಸರಿನ ಪ್ರವಾಸ ನಡೆಸುತ್ತದೆ. ಬೈಲಕುಪ್ಪೆ, ದುಬಾರೆ, ನಿಸರ್ಗಧಾಮ, ಹಾರಂಗಿ, ರಾಜಾಸೀಟ್ ಅದರ ದಾರಿಯಲ್ಲಿವೆ. ಒಂದೇ ದಿನದಲ್ಲಿ ಅಷ್ಟು ನೋಡುವುದು ಓಟದ ಸ್ಪರ್ಧೆಯೇ ಸರಿ. ಆದರೆ ದರ ಮೊದಲೇ ಮುದ್ರಿತವಾಗಿರುತ್ತದೆ, ಚೌಕಾಸಿಗೆ ಜಾಗವಿಲ್ಲ, ಕಂಡಕ್ಟರು ಯಾವ ಮಸಾಲೆ ಅಂಗಡಿಗೂ ಕರೆದೊಯ್ಯುವುದಿಲ್ಲ.

ಇನ್ನು ಜೀಪು.

ಮಡಿಕೇರಿಯ ಸುತ್ತ ಜೀಪು ಇಲ್ಲದೆ ಆಗದ ಜಾಗ ಎಂದರೆ ಮಾಂದಲಪಟ್ಟಿ. ಪುಷ್ಪಗಿರಿ ವನ್ಯಜೀವಿಧಾಮದ ಅಂಚಿನಲ್ಲಿ, ಸುಮಾರು 1,600 ಮೀಟರ್ ಎತ್ತರದಲ್ಲಿ ಇರುವ ಹುಲ್ಲುಗಾವಲಿನ ಗುಡ್ಡ. 2008ರ ಜನವರಿಯಲ್ಲಿ ಯೋಗರಾಜ ಭಟ್ಟರ ‘ಗಾಳಿಪಟ’ ಬಿಡುಗಡೆಯಾಗಿ, ಇದೇ ಗುಡ್ಡ ತೆರೆಯ ಮೇಲೆ ಮುಗಿಲುಪೇಟೆಯಾಗಿ ಮೆರೆದ ಮೇಲೆ ಜನ ಹುಡುಕಿಕೊಂಡು ಬರತೊಡಗಿದರು. ಅಲ್ಲಿಯವರೆಗೆ ದನ ಕಾಯುವವರು, ತೋಟದವರು, ಅರಣ್ಯ ಸಿಬ್ಬಂದಿ ಬಿಟ್ಟರೆ ಹೆಚ್ಚು ಮಂದಿ ಹತ್ತದ ದಾರಿ ಅದು. ಈಗ ಡಿಸೆಂಬರಿನ ಭಾನುವಾರ ಬೆಳಗಿನ ಜಾವ ಆ ದಾರಿಯಲ್ಲಿ ಜೀಪಿನ ದೀಪಗಳ ಸಾಲು ಕಾಣುತ್ತದೆ.

ಅಬ್ಬಿ ರಸ್ತೆಯಿಂದ ಕವಲೊಡೆದು ಹೋಗುವ ದಾರಿ ಮೊದಲು ಡಾಂಬರು ಕಂಡು, ಆಮೇಲೆ ಕಂಡೂ ಕಾಣದಂತಾಗಿ, ಕೊನೆಯ ಕೆಲವು ಕಿಲೋಮೀಟರ್ ಬರೀ ಕಲ್ಲು–ಕೆಮ್ಮಣ್ಣು. ಹಿಂದಿನ ಎದುರುಬದುರು ಸೀಟಿನಲ್ಲಿ ಕೂತವರ ಮೊಣಕಾಲು ಮೊಣಕಾಲಿಗೆ ಬಡಿಯುತ್ತದೆ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈ ಮೊಬೈಲಿನಲ್ಲಿ ಇಟ್ಟವರು ಎರಡನೇ ತಿರುವಿಗೇ ಮೊಬೈಲು ಜೇಬಿಗಿಳಿಸುತ್ತಾರೆ. ಚಾಲಕ ಗೇರು ಬದಲಿಸಿ, ಫೋರ್‌ವೀಲ್ ಹಾಕಿ, ಬಂಡೆಯೊಂದರ ಮೇಲೆ ಒಂದು ಚಕ್ರ ಹತ್ತಿಸಿ ಇಳಿಸುವಾಗ ಜೀಪಿನ ಮೈಯೆಲ್ಲ ಕಿರುಗುಡುತ್ತದೆ. ಅವನು ಮಾತ್ರ ಕಿಟಕಿಯಾಚೆ ಎದುರಿನ ಜೀಪಿನವನ ಜತೆ ಅರೆಭಾಷೆಯಲ್ಲೋ ಮಲಯಾಳದಲ್ಲೋ ಊರಿನ ಸುದ್ದಿ ಮಾತಾಡುತ್ತಿರುತ್ತಾನೆ. ಆ ನಿರಾಳತೆಗೆ ಕೊಡುವ ದುಡ್ಡು ವ್ಯರ್ಥ ಅನ್ನಲಾಗದು. ಈ ರಸ್ತೆಯಲ್ಲಿ ಸ್ವಂತ ಕಾರು ಹತ್ತಿಸಲು ಹೋದವರ ಆಯಿಲ್ ಚೇಂಬರು ಒಡೆದರೆ ರಿಪೇರಿಯ ಬಿಲ್ಲು ಹಲವು ಜೀಪು ಬಾಡಿಗೆಯನ್ನು ಮೀರುತ್ತದೆ.

ದರದ ಗೊಂದಲ ಹುಟ್ಟುವುದು ಜೀಪನ್ನು ಎಲ್ಲಿ ಹತ್ತಿದಿರಿ ಎಂಬುದರಿಂದ. ಪೇಟೆಯಲ್ಲೇ, ಹೋಟೆಲಿನ ಬಾಗಿಲಲ್ಲೇ ಹತ್ತಿದರೆ ಚೆನ್ನಾಗಿರುವ ರಸ್ತೆಗೂ ಜೀಪಿನ ಬಾಡಿಗೆ ಕೊಡಬೇಕು. ಅಬ್ಬಿಯ ಕಡೆ ಹೋಗಿ ಹತ್ತಿದರೆ ಆ ಭಾಗ ಉಳಿಯುತ್ತದೆ. ಜೀಪಿಗೆ ಒಟ್ಟು ಬಾಡಿಗೆಯೋ, ತಲೆಗೆ ಇಷ್ಟೆಂದೋ ಎಂಬುದು ಎರಡನೇ ಪ್ರಶ್ನೆ. ಇಬ್ಬರೇ ಇದ್ದು ಇಡೀ ಜೀಪು ಹಿಡಿದರೆ ಆರು ಜನರ ಬಾಡಿಗೆಯನ್ನು ಇಬ್ಬರು ಹೊತ್ತಂತೆ. ಪಕ್ಕದಲ್ಲೇ ಇನ್ನಿಬ್ಬರು, ಮೂವರು ಅದೇ ಯೋಚನೆಯಲ್ಲಿ ನಿಂತಿರುತ್ತಾರೆ. ‘ನೀವೂ ಮಾಂದಲಪಟ್ಟಿಗಾ? ಸೇರಿ ಹೋಗೋಣವಾ?’ ಎಂದು ಕೇಳುವ ಸಂಕೋಚಕ್ಕೆ ಪ್ರವಾಸಿಗರು ಕೊಡುವ ಬೆಲೆ ಸಣ್ಣದಲ್ಲ. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೋ, ಗುಡ್ಡದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಅಲ್ಲೇ ಬಾಯಿಬಿಟ್ಟು ಆಡಿಸಿಕೊಳ್ಳಬೇಕು. ‘ಅಬ್ಬಿ ಫ್ರೀ ತೋರಿಸ್ತೇವೆ’ ಅನ್ನುವ ಮಾತು ಬಂದರೆ ನಗಬಹುದು, ದಾರಿ ಅದೇ.

ಮಳೆಗಾಲದಲ್ಲಿ ಈ ಖರ್ಚೇ ಬೇಡ. ಜೂನ್–ಜುಲೈ ತಿಂಗಳಲ್ಲಿ ಮೇಲೆ ಹತ್ತಿದವರಿಗೆ ಕಾಣುವುದು ಬೆಳ್ಳಗಿನ ಮಂಜಿನ ಗೋಡೆ. ಅದೇ ಮಂಜು ರಾಜಾಸೀಟಿನ ಬೆಂಚಿನ ಮೇಲೂ ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ದೇವಸ್ತೂರು ಸುತ್ತಲಿನ ಗುಡ್ಡಗಳು ಜಾರಿ ಮನೆ–ತೋಟಗಳು ಕೊಚ್ಚಿಹೋದದ್ದನ್ನು ಕಂಡವರು ಆ ದಾರಿಯನ್ನು ಸುರಿಮಳೆಯಲ್ಲಿ ಹತ್ತಿ ಎಂದು ಯಾರಿಗೂ ಹೇಳರು. ಯಾವ ಗಾಡಿಗೆ, ಯಾವ ಹೊತ್ತಿಗೆ ಪ್ರವೇಶ ಎಂಬ ನಿಯಮವೂ ಆಗಾಗ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಕೇಳಿಕೊಳ್ಳುವುದು ಕ್ಷೇಮ.

ಜೀಪಿನವರ ಪರವಾಗಿಯೂ ಒಂದು ಲೆಕ್ಕ ಇದೆ, ಅದನ್ನು ಹೇಳದೆ ಈ ಮಾತು ಪೂರ್ತಿಯಾಗದು. ಆ ಕಲ್ಲುದಾರಿಯಲ್ಲಿ ದಿನಕ್ಕೆ ಎರಡು ಮೂರು ಸಲ ಹತ್ತಿಳಿಯುವ ಗಾಡಿಗೆ ಟಯರು, ಬ್ರೇಕ್ ಶೂ, ಕ್ಲಚ್ ಪ್ಲೇಟು ಎಷ್ಟು ಹಾಕಿದರೂ ಸಾಲದು. ಸ್ಪ್ರಿಂಗ್ ಪ್ಲೇಟು ತುಂಡಾಗುವುದು ಮಾಮೂಲು. ಮಳೆಗಾಲದ ನಾಲ್ಕು ತಿಂಗಳು ದುಡಿಮೆ ಕುಂಟುತ್ತದೆ, ಬ್ಯಾಂಕಿನ ಕಂತು ಕುಂಟುವುದಿಲ್ಲ. 2018ರ ಭೂಕುಸಿತ, ಮರುವರ್ಷದ ಮಳೆ, ಅದರ ಬೆನ್ನಿಗೆ 2020ರ ಕೋವಿಡ್ ಲಾಕ್‌ಡೌನ್, ಹೀಗೆ ಮೂರು ವರ್ಷ ಒಂದೇ ಸಮನೆ ಹೊಡೆತ ತಿಂದ ದುಡಿಮೆ ಇದು. ಅಕ್ಟೋಬರಿನಿಂದ ಮೇ ತನಕದ ವಾರಾಂತ್ಯಗಳಲ್ಲೇ ವರ್ಷದ ಅನ್ನ ಹುಟ್ಟಬೇಕು. ಹಾಗಾಗಿ ಶನಿವಾರದ ದರ ಮಂಗಳವಾರದ ದರಕ್ಕಿಂತ ಮೇಲಿದ್ದರೆ ಅದನ್ನು ಸುಲಿಗೆ ಅನ್ನುವುದು ಅವಸರದ ಮಾತು. ಸಾಧ್ಯವಿದ್ದವರು ಮಂಗಳವಾರ ಬರಲಿ. ಒಬ್ಬನಿಗೆ ಒಂದು ದರ, ಕೇರಳದ ಅಥವಾ ಆಂಧ್ರದ ನಂಬರ್ ಪ್ಲೇಟಿನ ಗಾಡಿಯಿಂದ ಇಳಿದವನಿಗೆ ಇನ್ನೊಂದು ದರ ಹೇಳುವುದು ಮಾತ್ರ ಯಾವ ಲೆಕ್ಕದಲ್ಲೂ ಸಮರ್ಥಿಸಲಾಗದ ಕೆಲಸ.

ಕಡಿಮೆ ದರ ಹೇಳುವವರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಟ್ಯಾಕ್ಸಿ ಬಾಡಿಗೆ ಅನುಮಾನ ಬರುವಷ್ಟು ಅಗ್ಗವಾಗಿದ್ದರೆ ಉಳಿದ ದುಡ್ಡು ಎಲ್ಲಿಂದಲೋ ಬರುತ್ತಿದೆ ಎಂದೇ ಅರ್ಥ. ಕೊಡಗಿನಲ್ಲಿ ಅದು ಬರುವುದು ಏಲಕ್ಕಿ, ಮೆಣಸು, ಜೇನು, ಮನೆಯಲ್ಲಿ ಮಾಡಿದ ಚಾಕಲೇಟು, ಹಣ್ಣಿನ ವೈನ್ ಮಾರುವ ಅಂಗಡಿಗಳ ಕಮಿಷನ್ನಿನಿಂದ. ಎಲ್ಲ ಚಾಲಕರೂ ಹಾಗಲ್ಲ, ಎಲ್ಲ ಅಂಗಡಿಯೂ ಹಾಗಲ್ಲ. ಆದರೂ ಕೋಟೆಗೆ ಹದಿನೈದು ನಿಮಿಷ, ಅಂಗಡಿಗೆ ನಲವತ್ತು ನಿಮಿಷ ಕೊಡುವ ಪ್ರವಾಸದಲ್ಲಿ ಯಾರ ಲಾಭಕ್ಕೆ ಗಾಡಿ ಓಡುತ್ತಿದೆ ಎಂಬುದು ಸ್ಪಷ್ಟ. ಮೆಣಸು ಬೇಕಾದವರು ಮಡಿಕೇರಿಯ ಸಂತೆಯ ದಿನ ನೋಡಿಕೊಂಡು ಹೋಗಲಿ, ಅಥವಾ ಊರವರು ಸಾಮಾನು ಕೊಳ್ಳುವ ಪೇಟೆಯ ದಿನಸಿ ಅಂಗಡಿಯಲ್ಲಿ ಕೇಳಲಿ. ‘ಶಾಪಿಂಗ್ ಬೇಡ, ನೇರ ಹೋಗೋಣ’ ಎಂದು ಹತ್ತುವಾಗಲೇ ಹೇಳಿಬಿಟ್ಟರೆ ಕೆಲವರು ದರ ಸ್ವಲ್ಪ ಏರಿಸುತ್ತಾರೆ. ಆ ಏರಿಸಿದ ದರವೇ ನಿಜವಾದ ದರ.

ಇಂತಹ ಅಂಗಡಿ ದರ್ಶನ ಮೈಸೂರು, ಕೊಚ್ಚಿಗಳಿಗೂ ಹೊಸತಲ್ಲ. ಆದರೆ ನಿಗದಿತ ದರದ ಸವಾರಿ ಬಂದ ಮೇಲೆ ಕೊಚ್ಚಿಯಲ್ಲಿ ಒಂದು ಬದಲಾವಣೆ ಆಯಿತು. 2023ರ ಏಪ್ರಿಲಿನಲ್ಲಿ ವಾಟರ್ ಮೆಟ್ರೊ ಶುರುವಾಯಿತು, ಕನಿಷ್ಠ ಟಿಕೆಟ್ 20 ರೂಪಾಯಿ. ಅದರ ಮರುವರ್ಷ ಫೋರ್ಟ್ ಕೊಚ್ಚಿಗೂ ದೋಣಿ ಬಂತು. ಹಿನ್ನೀರಿನ ನೋಟಕ್ಕೆಂದು ಖಾಸಗಿ ದೋಣಿಗೆ ಸಾವಿರಗಟ್ಟಲೆ ತೆರುತ್ತಿದ್ದವರು ಈಗ ಕಚೇರಿಗೆ ಹೋಗುವ ಊರವರ ಪಕ್ಕದಲ್ಲಿ ಎ.ಸಿ. ದೋಣಿಯಲ್ಲಿ ಕೂತು ಅದೇ ನೀರು ನೋಡುತ್ತಾರೆ. ಇಟಲಿಯ ವೆನಿಸ್ಸಿನಲ್ಲಿ ಗೊಂಡೋಲ ದೋಣಿಯ ದರವನ್ನು ನಗರಾಡಳಿತವೇ ಗೊತ್ತುಮಾಡುತ್ತದೆ. 2023ರ ನವೆಂಬರಿನಿಂದ ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ಮೇಲೆ 110. ದುಬಾರಿ ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಎಲ್ಲರಿಗೂ ಒಂದೇ ದುಬಾರಿ. ಅದೇ ಊರಿನಲ್ಲಿ ದೊಡ್ಡ ಕಾಲುವೆಯನ್ನು ದಾಟಿಸುವ ‘ಟ್ರಗೆಟ್ಟೊ’ ಎಂಬ ಹಾಯಿಸುವ ದೋಣಿ ಇದೆ. ಗೊಂಡೋಲದಂತಹುದೇ ದೋಣಿ, 2 ಯೂರೊ ಕೊಟ್ಟರೆ ಎರಡು ನಿಮಿಷದ ಸವಾರಿ. ಗೊತ್ತಿದ್ದವರು ಅದನ್ನೇ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಅಷ್ಟು ದೂರ ಹೋಗಬೇಕಿಲ್ಲ. ಗುಂಡ್ಲುಪೇಟೆ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಮೇಲೆ ಹೋಗಬೇಕು. ಮಂತ್ರಿಯ ನೆಂಟನಿಗೂ ಮಂಡ್ಯದ ರೈತನಿಗೂ ಒಂದೇ ಟಿಕೆಟ್. ಮಾಂದಲಪಟ್ಟಿಯ ಕೊನೆಯ ದಾರಿಗೆ ಬಸ್ಸು ಹತ್ತದು, ಜೀಪಿನವರ ದುಡಿಮೆಯನ್ನು ಕಿತ್ತುಕೊಳ್ಳುವುದೂ ಬೇಕಿಲ್ಲ. ಸರದಿಯ ಪ್ರಕಾರ ಜೀಪು, ಕೌಂಟರಿನಲ್ಲಿ ಟೋಕನ್, ಇಂತಿಷ್ಟು ಜನರಿಗೆ ಇಂತಿಷ್ಟು ಎಂಬ ರಸೀದಿ ಇದ್ದರೆ ಸಾಕು. ಮೈಸೂರು ರೈಲು ನಿಲ್ದಾಣದ ಪ್ರೀಪೇಯ್ಡ್ ಆಟೊ ಕೌಂಟರ್ ಮಾಡುವುದೂ ಇಷ್ಟೇ ಕೆಲಸ. ಅಲ್ಲಿ ಆಟೊದವರು ಬಡವಾಗಲಿಲ್ಲ.

ಬಾಡಿಗೆ ಎಷ್ಟೇ ಇರಲಿ, ನಂಬರ್ ಪ್ಲೇಟಿನ ಬಣ್ಣ ನೋಡದೆ ಹತ್ತಬಾರದು. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆಗೆ ಪರ್ಮಿಟ್ ಇರುವ ವಾಹನ. ಬಿಳಿ ಬೋರ್ಡು ಸ್ವಂತ ಬಳಕೆಯದ್ದು. ಬಿಳಿ ಬೋರ್ಡಿನ ಗಾಡಿಯಲ್ಲಿ ದುಡ್ಡು ಕೊಟ್ಟು ಕೂತವರಿಗೆ ಅಪಘಾತವಾದರೆ ವಿಮಾ ಕಂಪನಿ ಕೈಯೆತ್ತುವ ಸಾಧ್ಯತೆ ಇದೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದಕ್ಕೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡವಿದೆ. ಕಡಿದಾದ ತಿರುವಿನ ಕೊಡಗಿನಲ್ಲಿ ನೂರು ರೂಪಾಯಿ ಉಳಿಸಲು ಇದನ್ನು ಮರೆಯುವುದು ಬುದ್ಧಿವಂತಿಕೆ ಅಲ್ಲ.

ಒಪ್ಪಿದ ದರಕ್ಕಿಂತ ಹೆಚ್ಚು ಕೇಳಿ ದಾರಿಯಲ್ಲಿ ಇಳಿಸುವ ಬೆದರಿಕೆ ಬಂದರೆ ವಾಹನದ ನಂಬರು ಬರೆದುಕೊಂಡು 112ಕ್ಕೆ ಕರೆ ಮಾಡಬಹುದು. ಪ್ರವಾಸಿಗರ ರಾಷ್ಟ್ರೀಯ ಸಹಾಯವಾಣಿ 1363, ಗ್ರಾಹಕರ ಸಹಾಯವಾಣಿ 1915. ಆರ್‌ಟಿಒ ಕಚೇರಿಗೆ ಲಿಖಿತ ದೂರನ್ನೂ ಕೊಡಬಹುದು. ಊರಿಗೆ ಮರಳಿ ಮೊಬೈಲಿನಲ್ಲಿ ಒಂದು ನಕ್ಷತ್ರ ಕೊಟ್ಟು ಕೊಡಗಿನವರನ್ನೆಲ್ಲ ಬಯ್ಯುವುದರಿಂದ ಯಾವ ಚಾಲಕನ ಪರ್ಮಿಟ್ಟಿಗೂ ಏನೂ ಆಗುವುದಿಲ್ಲ.

ಜಿಲ್ಲಾಡಳಿತಕ್ಕೂ ಒಂದು ಕೇಳಿಕೆ. ಆಟೊ, ಟ್ಯಾಕ್ಸಿ, ಮಾಂದಲಪಟ್ಟಿ ಜೀಪು, ದುಬಾರೆಯ ದೋಣಿ, ಎಲ್ಲದರ ದರವನ್ನೂ ಒಂದೇ ಹಲಗೆಯ ಮೇಲೆ ಬರೆಸಿ ಮಡಿಕೇರಿಯ ಎರಡೂ ಬಸ್ ನಿಲ್ದಾಣ, ರಾಜಾಸೀಟಿನ ಬಾಗಿಲು, ಕುಶಾಲನಗರದ ನಿಲ್ದಾಣಗಳಲ್ಲಿ ಕಣ್ಣಿಗೆ ಬೀಳುವಂತೆ ನಿಲ್ಲಿಸಲಿ. ಕನ್ನಡದ ಜತೆಗೆ ಮಲಯಾಳ, ತಮಿಳು, ತೆಲುಗು, ಇಂಗ್ಲಿಷಿನಲ್ಲೂ ಇರಲಿ. ಪಕ್ಕದಲ್ಲೇ ಇನ್ನೊಂದು ಸಣ್ಣ ಹಲಗೆ ಬೇಕು: ಕೋಟೆ, ಓಂಕಾರೇಶ್ವರ, ರಾಜಾಸೀಟ್, ಸನ್ನಿಸೈಡ್, ಗದ್ದಿಗೆಗಳಿಗೆ ಬಾಣದ ಗುರುತು ಹಾಕಿ, ನಡೆದು ಹೋಗಲು ಎಷ್ಟು ನಿಮಿಷ ಎಂದು ಬರೆದದ್ದು. ಎರಡು ಹಲಗೆಗೂ ಸೇರಿ ಆಗುವ ಖರ್ಚು ಒಂದು ದಸರಾ ಸ್ವಾಗತ ಕಮಾನಿಗಿಂತ ಹೆಚ್ಚಾಗಲಾರದು. ಮುಂದಿನ ದಸರಾ ಜನಸಾಗರ ಬರುವ ಮೊದಲು ಈ ಕೆಲಸ ಆಗಲಿ.